ಬಿದ್ದ ಮನೆಗೆ ದುಡ್ಡಿದೆ, ನಿಂತ ಮನೆಗಿಲ್ಲ: ಸಿಯೋಲ್ ಓಣಿಯಿಂದ ಕಿತ್ತೂರು ನಾಡಿಗೆ

ಚಚಡಿಯಲ್ಲಿರುವ ನನ್ನ ಅಕ್ಕನ ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಕೊರಿಯನ್ ಡ್ರಾಮಾ ನೋಡಿ ನೋಡಿ ಸಿಯೋಲ್ ನಗರದ ಬುಕ್‌ಚೋನ್ ಓಣಿಗೆ ಗೈಡ್ ಆಗುವಷ್ಟು ತಯಾರಾಗಿದ್ದಾಳೆ. "ಮಾಮಾ, ಎಡಕ್ಕ ಒಂದು ಅರಮನಿ, ಬಲಕ್ಕ ಇನ್ನೊಂದು ಅರಮನಿ, ನಡುವ ಈ ಹಳೇ ಮನಿಗೋಳು. ಎಲ್ಲಾ ನಡಕೊಂತ ನೋಡಬಹುದು" ಅನ್ನುತ್ತಾಳೆ. ಕಿತ್ತೂರು ಕೋಟೆಯೊಳಗೆ ಏನೇನಿದೆ ಅಂತ ಕೇಳಿದರೆ ಪ್ರೈಮರಿ ಶಾಲೆಯ ಟ್ರಿಪ್ಪಿನ ಮಸುಕು ನೆನಪಷ್ಟೇ.

ಇದಕ್ಕೆ ಅವಳನ್ನು ಬೈದು ಉಪಯೋಗವಿಲ್ಲ. 'ನಮ್ಮ ಹುಡುಗರಿಗೆ ನಮ್ಮ ಇತಿಹಾಸ ಬೇಡ' ಅಂತ ಭಾಷಣ ಮಾಡುವವರಿಗೆ ಕಿತ್ತೂರು ಉತ್ಸವದ ವೇದಿಕೆ ಇದ್ದೇ ಇದೆ. ಸಿಯೋಲ್‌ನ ಆ ಓಣಿ ನೋಡುವ ಹಾಗೆ ಆಗಿದ್ದು ಹೇಗೆ, ನಮ್ಮದು ಯಾಕೆ ಆಗಲಿಲ್ಲ ಅನ್ನೋದು ಅದಕ್ಕಿಂತ ಉಪಯೋಗದ ಪ್ರಶ್ನೆ. 'ಅವರ ಹತ್ರ ದುಡ್ಡಿದೆ' ಅನ್ನೋದು ಅರ್ಧ ಉತ್ತರ ಮಾತ್ರ.

ಗ್ಯೊಂಗ್‌ಬೊಕ್ ಅರಮನೆಯ ಕಥೆ ನೋಡಿ. 1395ರಲ್ಲಿ ಕಟ್ಟಿದ್ದು. 1592ರಲ್ಲಿ ಜಪಾನಿನ ದಾಳಿಯ ಹೊತ್ತಿಗೆ ಸುಟ್ಟುಹೋಯಿತು. ಸುಮಾರು 270 ವರ್ಷ ಹಾಳುಬಿದ್ದು 1860ರ ದಶಕದಲ್ಲಿ ಮತ್ತೆ ಎದ್ದಿತು. 1910ರಲ್ಲಿ ಕೊರಿಯಾ ಜಪಾನಿನ ವಸಾಹತಾದ ಮೇಲೆ ಬಹುಪಾಲು ಕಟ್ಟಡಗಳನ್ನು ಕೆಡವಿ, 1926ರಲ್ಲಿ ಅರಮನೆಯ ಎದೆಯ ಮೇಲೇ ವಸಾಹತು ಸರ್ಕಾರದ ಕಚೇರಿ ನಿಲ್ಲಿಸಿದರು. ಕೊರಿಯಾ ಆ ಕಚೇರಿಯನ್ನು ಒಡೆಯಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಅದು ಅವರಿಗೂ ಬಿಡುಗಡೆಯ ದಿನ. ಅರಮನೆಯನ್ನು ಮತ್ತೆ ಕಟ್ಟುವ ಕೆಲಸ 1990ರಲ್ಲೇ ಶುರುವಾಗಿತ್ತು, 2045ರವರೆಗೆ ಯೋಜನೆ ಹಾಕಿಕೊಂಡಿದ್ದಾರೆ. ಅರ್ಧ ಶತಮಾನಕ್ಕೂ ಹೆಚ್ಚು! ನಮ್ಮಲ್ಲಿ ಯೋಜನೆಯ ಆಯುಷ್ಯ ಅಂದರೆ ಒಂದು ಸರ್ಕಾರದ ಆಯುಷ್ಯ.

ಅವರೂ ಎಡವಿದ್ದಾರೆ. ಅರಮನೆಯ ಮುಖ್ಯ ಬಾಗಿಲು ಗ್ವಾಂಗ್‌ಹ್ವಾಮುನ್. ಅದನ್ನು 1968ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದರು. ಆಮೇಲೆ ಇದು ಸುಳ್ಳು ಅನ್ನಿಸಿ, ಬಿಚ್ಚಿ, ಮೂಲ ಜಾಗದಲ್ಲೇ ಕಟ್ಟಿಗೆಯಲ್ಲಿ ಮತ್ತೆ ಕಟ್ಟಿ 2010ರಲ್ಲಿ ತೆರೆದರು. ಇನ್ನೊಂದು ನನ್ನ ಒಳಗಿನ ಇಂಜಿನಿಯರನಿಗೆ ಇಷ್ಟವಾದ ಕೆಲಸ: 1932ರಲ್ಲಿ ಜಪಾನೀಯರು ಚಾಂಗ್‌ಗ್ಯೊಂಗ್ ಅರಮನೆ ಮತ್ತು ರಾಜರ ಪಿತೃಗಳ ಗುಡಿ ಜೋಂಗ್‌ಮ್ಯೊ ನಡುವೆ ರಸ್ತೆ ಕೊರೆದು ಎರಡನ್ನೂ ಬೇರೆ ಮಾಡಿದ್ದರು. ಆ ರಸ್ತೆಯನ್ನು ಸುರಂಗ ಮಾಡಿ, ಮೇಲೆ ಮಣ್ಣು ಹಾಕಿ, ಗಿಡ ನೆಟ್ಟು, 2022ರಲ್ಲಿ ಎರಡನ್ನೂ ಮತ್ತೆ ಕೂಡಿಸಿದರು. ವಾಹನ ಕೆಳಗೆ, ಮನುಷ್ಯರು ಮೇಲೆ.

ಈಗ ಕಿತ್ತೂರಿಗೆ ಬನ್ನಿ. ಬೆಳಗಾವಿ-ಧಾರವಾಡ ಹೆದ್ದಾರಿಯ ಪಕ್ಕದ ಊರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಇಲ್ಲಿ ಗುಂಡು ತಿಂದು ಸತ್ತ. ಹೊಡೆದವನು ಅಮಟೂರ ಬಾಳಪ್ಪ. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟಿತು. 1829ರ ಫೆಬ್ರವರಿಯಲ್ಲಿ ಆಕೆ ಅಲ್ಲೇ ತೀರಿಕೊಂಡಳು. ದತ್ತುಮಗನ ಹಕ್ಕನ್ನು ಒಪ್ಪದೆ ಸಂಸ್ಥಾನ ನುಂಗುವ ಆಟವನ್ನು ಡಾಲ್‌ಹೌಸಿ ಹೆಸರಿನಲ್ಲಿ ಪರೀಕ್ಷೆಗೆ ಬರೆಯುತ್ತೇವೆ. ಆತ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ. ಕಿತ್ತೂರು ಅದಕ್ಕೆ 24 ವರ್ಷ ಮೊದಲೇ ಅದರ ರುಚಿ ನೋಡಿತ್ತು.

ಕೋಟೆಯೊಳಗೆ ಇವತ್ತು ಉಳಿದಿರುವುದು ಅರಮನೆಯ ಮೊಂಡು ಗೋಡೆಗಳು, ಅಡುಗೆಮನೆ, ಬಚ್ಚಲು, ಬಾವಿಯ ಕುರುಹು, ಪಕ್ಕದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ. ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಬಿಟ್ಟಿದ್ದ ಕಂಡಿಯನ್ನು ಊರವರು ತೋರಿಸುತ್ತಾರೆ. ಅದರ ಲೆಕ್ಕ ಸುಲಭ: ಯಾವುದೇ ಊರಲ್ಲಿ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟೇ ಕೋನದ ಎತ್ತರದಲ್ಲಿ ಕಾಣುತ್ತದೆ. ಕಿತ್ತೂರಿನ ಅಕ್ಷಾಂಶ ಸುಮಾರು 15.6 ಡಿಗ್ರಿ. ಅಂದರೆ ಕಟ್ಟಿದವರಿಗೆ ತಾವು ಭೂಮಿಯ ಮೇಲೆ ಎಲ್ಲಿದ್ದೇವೆ ಅನ್ನುವುದರ ಅಂದಾಜು ಇತ್ತು. ಕತ್ತಿ ಹಿಡಿದ ರಾಣಿಯ ಚಿತ್ರದ ಆಚೆಗೂ ಅಲ್ಲಿ ಒಂದು ಮನೆತನ ಉಂಡು, ಮಿಂದು, ರಾತ್ರಿ ಆಕಾಶ ನೋಡಿ ಬದುಕಿತ್ತು ಅಂತ ನನಗೆ ಅನ್ನಿಸಿದ್ದು ಆ ಕಂಡಿಯ ಮುಂದೆ.

ಇದಕ್ಕೆ ನಾವು ಮಾಡಿದ್ದೇನು? ಪ್ರತಿ ಅಕ್ಟೋಬರ್‌ನಲ್ಲಿ ಉತ್ಸವ. 2007ರಲ್ಲಿ ಸಂಸತ್ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ. ಬೆಂಗಳೂರಿನ ರೈಲ್ವೆ ನಿಲ್ದಾಣಕ್ಕೆ ರಾಯಣ್ಣನ ಹೆಸರು. ಇವು ಬೇಕಾಗಿದ್ದವು, ಸಂತೋಷ. ಆದರೆ ಕಿತ್ತೂರು ನಾಡು ಅನ್ನೋದು ಒಂದು ಕೋಟೆಯಲ್ಲ, ಒಂದು ಸೀಮೆ. ರಾಯಣ್ಣನ ಸಂಗೊಳ್ಳಿ, ಬಾಳಪ್ಪನ ಅಮಟೂರು, ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲ, ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ. ಎಲ್ಲ ಒಂದೇ ಕಥೆಯ ಅಧ್ಯಾಯಗಳು. ಇವನ್ನು ಬಿಡಿಬಿಡಿ ಮಾಡಿದ್ದು ಬರೀ ಕೆಟ್ಟ ರಸ್ತೆಯಲ್ಲ, ನಮ್ಮ ರಾಜಕೀಯವೂ ಹೌದು. ಚೆನ್ನಮ್ಮ ಒಂದು ಸಮುದಾಯದ ಸಮಾವೇಶದ ಬ್ಯಾನರಿನಲ್ಲಿ, ರಾಯಣ್ಣ ಇನ್ನೊಂದು ಸಮುದಾಯದ ಬ್ಯಾನರಿನಲ್ಲಿ. ಅವರ ಜೊತೆ ಹೋರಾಡಿದ ಸಿದ್ದಿ ಗಜವೀರನಿಗೆ ಅಷ್ಟು ದೊಡ್ಡ ವೋಟ್‌ಬ್ಯಾಂಕ್ ಇಲ್ಲ, ಬ್ಯಾನರೂ ಇಲ್ಲ.

ಕೆಲ ವರ್ಷಗಳ ಹಿಂದೆ ಕಿತ್ತೂರು ಅರಮನೆಯ ಪ್ರತಿರೂಪ ಕಟ್ಟುವ ಯೋಜನೆ ಬಂತು. ಪಕ್ಕದ ಬಚ್ಚನಕೇರಿಯಲ್ಲಿ ಕಟ್ಟುವ ಮಾತು ಬಂದಾಗ ಕಿತ್ತೂರಿನ ಜನ ಬೀದಿಗಿಳಿದರು. ಜಗಳ ನಡೆದದ್ದು ಎಲ್ಲಿ ಕಟ್ಟಬೇಕು ಅನ್ನೋದರ ಮೇಲೆ. ಯಾವುದರಿಂದ ಕಟ್ಟಬೇಕು, ಯಾವ ದಾಖಲೆ ನೋಡಿ ಕಟ್ಟಬೇಕು ಅನ್ನೋದು ಅಷ್ಟೇ ದೊಡ್ಡ ಪ್ರಶ್ನೆ. ಗ್ವಾಂಗ್‌ಹ್ವಾಮುನ್ ಪಾಠ ಇರೋದೇ ಅಲ್ಲಿ.

ನನ್ನ ಕಣ್ಣಿಗೆ ಅರಮನೆಗಿಂತ ದೊಡ್ಡ ವಿಷಯ ಸಾದಾ ಮನೆಗಳು. ಬುಕ್‌ಚೋನ್‌ನಲ್ಲಿ ಕಾಣುವ ಹಂಚಿನ ಮನೆಗಳಿಗೆ ಹನೋಕ್ ಅಂತಾರೆ. ರೀಲ್ಸ್‌ನಲ್ಲಿ ಅವುಗಳಿಗೆ 600 ವರ್ಷ ಅಂತ ಬರುತ್ತದೆ. ಓಣಿ ಹಳೆಯದು, ಹೌದು. ಆದರೆ ಮನೆಗಳಲ್ಲಿ ಹೆಚ್ಚಿನವು 1920-30ರ ದಶಕದವು. ಜೊಂಗ್ ಸೆ-ಗ್ವೊನ್ ಅನ್ನುವ ಬಿಲ್ಡರ್ ದೊಡ್ಡ ಜಾಗಗಳನ್ನು ಸಣ್ಣ ಸಣ್ಣ ಪ್ಲಾಟ್ ಮಾಡಿ ಮಧ್ಯಮವರ್ಗಕ್ಕೆ ಮಾರಿದ. ನಗರಾಡಳಿತ 2001ರ ಹೊತ್ತಿಗೆ ಅಲ್ಲಿ ಹನೋಕ್ ನೋಂದಣಿ ಶುರುಮಾಡಿತು: ಮನೆ ನೋಂದಾಯಿಸಿ, ರಿಪೇರಿಗೆ ಸಹಾಯಧನ, ಸಾಲ ಪಡೆಯಿರಿ.

ನಮ್ಮ ಸವದತ್ತಿ, ರಾಮದುರ್ಗ ಕಡೆಯ ಊರುಗಳಲ್ಲಿ ಅಗಸಿ ದಾಟಿದರೆ ಮಣ್ಣಿನ ಮಾಳಿಗೆ ಮನೆ, ಕಟ್ಟಿಗೆ ಕಂಬದ ಪಡಸಾಲೆ, ದೇಸಾಯರ ವಾಡೆ. ಬೇಸಿಗೆಯಲ್ಲಿ ಒಳಗೆ ಕೂತರೆ ಫ್ಯಾನ್ ಬೇಡ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಸರಿಯಾದ ಕೆಲಸವೇ. ಆದರೆ ಬೀಳದೆ ನಿಂತ ಹಳೇ ಮನೆಯ ಮಾಳಿಗೆ ಸೋರಿದರೆ, ತೊಲೆಗೆ ಗೆದ್ದಲು ಹತ್ತಿದರೆ ಮನೆಯವರು ಯಾರ ಬಾಗಿಲಿಗೆ ಹೋಗಬೇಕು? ಹಾಗಾಗಿ ಅವರು ಮಾಡುವುದು ಒಂದೇ: ಕೆಡವಿ ಆರ್‌ಸಿಸಿ ಹಾಕಿಸೋದು. ಅವರನ್ನು ದೂರಲಾರೆ. ಪರಂಪರೆ ಉಳಿಸೋ ಖರ್ಚನ್ನು ಮಳೆಗಾಲದಲ್ಲಿ ಬಕೆಟ್ ಇಟ್ಟು ಮಲಗುವವರ ತಲೆಗೆ ಕಟ್ಟೋದು ಅನ್ಯಾಯ.

ಆದರೆ ಬುಕ್‌ಚೋನನ್ನು ಇದ್ದಂಗೇ ನಕಲು ಮಾಡೋದೂ ಬೇಡ. ಸುಮಾರು 6 ಸಾವಿರ ಜನ ವಾಸಿಸುವ ಜಾಗಕ್ಕೆ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಮಂದಿ ಬರುತ್ತಾರೆ. ಕಿಟಕಿಯಲ್ಲಿ ಇಣುಕುವುದು, ಬಾಗಿಲ ಮುಂದೆ ಫೋಟೋ, ಗದ್ದಲ. ಬೇಸತ್ತು ಮನೆ ಬಿಟ್ಟವರಿದ್ದಾರೆ. ಕೊನೆಗೆ ಕೆಲವು ಗಲ್ಲಿಗಳಲ್ಲಿ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಪ್ರವೇಶ ಅಂತ ಮಾಡಿದರು. 2025ರ ಮಾರ್ಚ್‌ನಿಂದ ನಿಯಮ ಮುರಿದವರಿಗೆ 1 ಲಕ್ಷ ವೋನ್ ದಂಡ.

ಈ ಎಚ್ಚರಿಕೆ ನಮಗೆ ಬೇಕಿರೋದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ. 2024ರ ಕೊನೆಗೆ ಕೇಂದ್ರ ಸರ್ಕಾರ ಗುಡ್ಡಕ್ಕೆ 100 ಕೋಟಿ ರೂಪಾಯಿ ಯೋಜನೆ ಒಪ್ಪಿತು. ಇದು ದಾನವಲ್ಲ, ರಾಜ್ಯಕ್ಕೆ ಕೊಡುವ 50 ವರ್ಷದ ಬಡ್ಡಿರಹಿತ ಸಾಲ. ಗುಡ್ಡಕ್ಕೆ ಬರುವವರಲ್ಲಿ ದೊಡ್ಡ ಪಾಲು ಕರ್ನಾಟಕ, ಮಹಾರಾಷ್ಟ್ರದ ಬಡವರು. ಹುಣ್ಣಿಮೆಗೆ ಬಂದು, ಬಯಲಲ್ಲೇ ಒಲೆ ಹೂಡಿ, ಹೋಳಿಗೆ-ಕಡಬು ಮಾಡಿ ಪಡ್ಡಲಗಿ ತುಂಬುವವರು. ಜೋಗತಿಯರ ಚೌಡಿಕೆ ಇದೆ, ಭಂಡಾರ-ಬಳೆ ಮಾರುವವರಿದ್ದಾರೆ. 1982ರ ಕಾಯ್ದೆಯ ನಂತರವೂ ಪುನರ್ವಸತಿಗೆ ಅಲೆಯುವ ಮಾಜಿ ದೇವದಾಸಿಯರಿದ್ದಾರೆ. 100 ಕೋಟಿಯ ನಕ್ಷೆಯಲ್ಲಿ ಬಯಲಿನ ಒಲೆಗೆ ಜಾಗ ಎಲ್ಲಿ, ಶೌಚಾಲಯ ಎಷ್ಟು, ಬಳೆ ಬುಟ್ಟಿಗೆ ಬಾಡಿಗೆ ಎಷ್ಟು ಅಂತ ಕೇಳಬೇಕು. ಕೆಲಸ ಮುಗಿದ ಮೇಲೆ ಕೇಳಿ ಉಪಯೋಗವಿಲ್ಲ.

ಹೋಗಬೇಕು ಅನ್ನಿಸಿದವರಿಗೆ: ಬೆಳಿಗ್ಗೆ ಕಿತ್ತೂರು, ನಂತರ ಸಂಗೊಳ್ಳಿ, ಊಟದ ಹೊತ್ತಿಗೆ ಬೈಲಹೊಂಗಲ. ಮಧ್ಯಾಹ್ನದ ಮೇಲೆ ಹೂಲಿ. ಚಾಲುಕ್ಯ ಕಾಲದ ಪಂಚಲಿಂಗೇಶ್ವರ ಗುಡಿಯ ಕಂಬಗಳ ನಡುವೆ ಒಬ್ಬರೇ ಕೂರಬಹುದು, ಅಷ್ಟು ಖಾಲಿ. ಇನ್ನೊಂದು ದಿನ ಸಿಕ್ಕರೆ ಶಿರಸಂಗಿ. 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿ ತನ್ನ ಆಸ್ತಿಯನ್ನು ಹುಡುಗರ ಓದಿಗೆ ಬರೆದಿಟ್ಟ ಊರು, ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಆತನದೇ ಹೆಸರು. ಬಸ್ ನಂಬಿದರೆ ಬೈಲಹೊಂಗಲದಲ್ಲಿ ಬದಲಿಸಬೇಕಾದೀತು, ಬೈಕ್ ಇದ್ದರೆ ಸಲೀಸು. ಗುಡ್ಡಕ್ಕೆ ಮಂಗಳವಾರ, ಶುಕ್ರವಾರ ಭಾರೀ ರಶ್. ನೀವು ಆ ರಶ್‌ನಲ್ಲೇ ಹೋಗಿ, ಚೌಡಿಕೆ ಕೇಳಿಸುವುದು ಅವತ್ತೇ.