ಢಂ ಅನ್ನಬೇಕಾದ ಕೋವಿ ಪುಸ್ ಅಂದರೆ?

ಅಮೆರಿಕದಲ್ಲಿ ಟ್ರ್ಯಾಪ್, ಸ್ಕೀಟ್ ಆಡುವ ಹವ್ಯಾಸಿಗಳಲ್ಲಿ ಹಲವರು ಶಾಟ್‌ಗನ್ನಿನ ಖಾಲಿ ತೋಟಾ ಎಸೆಯೋದಿಲ್ಲ. ಗ್ಯಾರೇಜಿನಲ್ಲೊಂದು ಕೈಪ್ರೆಸ್ ಇಟ್ಟುಕೊಂಡು ಹೊಸ ಪ್ರೈಮರ್, ಪೌಡರ್, ಪ್ಲಾಸ್ಟಿಕ್ ವ್ಯಾಡ್, ಸೀಸದ ಚರೆ ತುಂಬಿ, ಬಾಯಿ ಮಡಚಿ ಮತ್ತೆ ಬಳಸುತ್ತಾರೆ. ಇಂಜಿನಿಯರಿಂಗ್ ಓದಿದ ನನಗೆ ಇದರಲ್ಲಿ ಆಸಕ್ತಿ ಹುಟ್ಟಿಸಿದ್ದು ಅದು ಕೆಡುವ ರೀತಿ.

ಬಾಯಿಯ ಮಡಿಕೆಯನ್ನೇ ನೋಡಿ. ನಡುವೆ ತೂತು ಉಳಿದಿದ್ದರೆ ಒಳಗಿನ ಸರಕಿನ ಎತ್ತರ ಜಾಸ್ತಿಯಾಗಿದೆ ಅಂತ. ಬಟ್ಟಲಿನಂತೆ ಕುಸಿದಿದ್ದರೆ ಕಡಿಮೆಯಾಗಿದೆ. ಬೇರೆ ವ್ಯಾಡ್ ಹಾಕಿ ಎತ್ತರ ಸರಿಮಾಡಿಬಿಡೋಣ ಅನ್ನಿಸುತ್ತೆ. ಅಲ್ಲೇ ಇರೋದು ಅಪಾಯ: ವ್ಯಾಡ್ ಬದಲಾದರೆ ಒಳಗಿನ ಒತ್ತಡವೂ ಬದಲಾಗುತ್ತದೆ. 12 ಗೇಜಿನ ಮಾಮೂಲಿ ತೋಟಾಕ್ಕೆ ಅಲ್ಲಿನ ಉದ್ಯಮದ ಗರಿಷ್ಠ ಮಿತಿ 11,500 ಪಿಎಸ್‌ಐ. ರೈಫಲ್ಲುಗಳಲ್ಲಿ ಇದರ ಐದು ಪಟ್ಟು ಮಾಮೂಲು, ಆದರೆ ಶಾಟ್‌ಗನ್ನಿನ ನಳಿಗೆ ತೆಳು. ಹಾಗಾಗಿ ಪ್ರಕಟಿತ ಪಟ್ಟಿಯಲ್ಲಿರುವ ಜೋಡಣೆಯನ್ನು ಅಕ್ಷರಶಃ ಪಾಲಿಸಬೇಕು. 'ಹೆಚ್ಚುಕಮ್ಮಿ ಅದೇ' ಅನ್ನೋ ನಮ್ಮ ಜುಗಾಡ್ ಬುದ್ಧಿ ಇಲ್ಲಿ ನಡೆಯೋದಿಲ್ಲ.

ಎಲ್ಲಕ್ಕಿಂತ ಮೋಸದ್ದು ಮೆತ್ತಗಿನ ಸದ್ದು. ಪ್ರೆಸ್ ಪೌಡರನ್ನು ತೂಗೋದಿಲ್ಲ, ಗಾತ್ರದಲ್ಲಿ ಅಳೆದು ಸುರಿಯುತ್ತದೆ. ಕೊಳವೆಯಲ್ಲಿ ಕಾಳುಗಳು ಒಂದಕ್ಕೊಂದು ಸಿಕ್ಕಿ ಸೇತುವೆ ಕಟ್ಟಿಕೊಂಡರೆ ಒಂದು ತೋಟಾಕ್ಕೆ ಅರ್ಧವೇ ಬೀಳುತ್ತದೆ. ಉಳಿದದ್ದು ಮುಂದಿನದಕ್ಕೆ! ಅಂದರೆ ಒಂದು ಪುಸ್ ಅಂದರೆ ಅದರ ಹಿಂದೆಯೇ ಓವರ್‌ಲೋಡ್ ಇರಬಹುದು. ಆ ಕಂತಿನ ತೋಟಾಗಳನ್ನೆಲ್ಲ ಪಕ್ಕಕ್ಕಿಡಬೇಕು. ಮಡಿಕೆ ಸಡಿಲವಾದರೂ, ಚಳಿ ವಿಪರೀತವಾದರೂ ಪೌಡರ್ ಸರಿಯಾಗಿ ಉರಿಯದೆ ಇದೇ ಸದ್ದು ಬರಬಹುದು.

ಆಗ ವ್ಯಾಡ್ ನಳಿಗೆಯಲ್ಲೇ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ. ಅದನ್ನು ನೋಡದೆ ಮುಂದಿನ ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸಿಡಿಯುತ್ತದೆ. ಎಡಗೈ ಹಿಡಿದಿರೋದು ಅಲ್ಲೇ ಪಕ್ಕದಲ್ಲಿ. ಕೋವಿ ಬಿಚ್ಚಿ, ತೋಟಾ ಇಲ್ಲವೆಂದು ಖಾತ್ರಿಮಾಡಿಕೊಂಡು, ಹಿಂಬದಿಯಿಂದ ನಳಿಗೆಯೊಳಗೆ ಬೆಳಕು ಕಾಣುತ್ತಾ ನೋಡಬೇಕು. ಕುದುರೆ ಎಳೆದರೂ ಏನೂ ಆಗದಿದ್ದರೆ ವಿಷಯ ಬೇರೆ: ತಡವಾಗಿ ಸಿಡಿಯಬಹುದು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾದು ಆಮೇಲೆ ಬಿಚ್ಚಬೇಕು.

ಇದನ್ನು ಓದಿ ಕೊಡಗಿನ ಗೆಳೆಯರು ಕೇಳಬಹುದು, ನಮಗೆ ಲೈಸೆನ್ಸೇ ಬೇಡವಲ್ಲ, ನಾವೂ ಮಾಡಬಹುದಾ? ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು.