ಡೋರ್ನಹಳ್ಳಿಗೆ ಹೊರಡುವ ಮುನ್ನ ಚಕ್ರಗಳತ್ತ ಒಂದು ನೋಟ

ಜೂನ್ 13ರ ಸಂತ ಅಂತೋಣಿಯವರ ಹಬ್ಬ ಹತ್ತಿರವಾದಂತೆ ಕರಾವಳಿಯಿಂದ ಬೊಲೆರೋ, ಸುಮೋ ಮಾಡಿಕೊಂಡು ಕೆ.ಆರ್. ನಗರ ತಾಲೂಕಿನ ಡೋರ್ನಹಳ್ಳಿಗೆ ಹೊರಡುವವರುಂಟು. 2019ರಲ್ಲಿ ಬಸಿಲಿಕಾ ಆಗಿ ಘೋಷಿಸಲ್ಪಟ್ಟ ಈ ಪುಣ್ಯಕ್ಷೇತ್ರಕ್ಕೆ ನಮ್ಮವರ ದಾರಿ ರಾಷ್ಟ್ರೀಯ ಹೆದ್ದಾರಿ 275. ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಪಿರಿಯಾಪಟ್ಟಣ ದಾಟಿ ಹುಣಸೂರಿನಿಂದ ಕೆ.ಆರ್. ನಗರದ ಕಡೆ ತಿರುಗಬೇಕು. ಆಗಷ್ಟೇ ಮಳೆಗಾಲ ಆರಂಭವಾಗಿರುತ್ತದೆ. ವಾಹನದ ತುಂಬ ಜನ, ಮೇಲೆ ಸಾಮಾನು. ಇಷ್ಟೂ ಭಾರ ಒದ್ದೆ ರಸ್ತೆಯನ್ನು ಹಿಡಿದುಕೊಳ್ಳುವುದು ನಾಲ್ಕು ಟೈರ್‌ಗಳ ಅಂಗೈಯಗಲದ ಜಾಗದಲ್ಲಿ ಮಾತ್ರ.

ಟೈರ್ ಸವೆದ ರೀತಿಯನ್ನು ನೋಡಿದರೆ ದೋಷ ಎಲ್ಲಿದೆಯೆಂದು ಬಹುಮಟ್ಟಿಗೆ ತಿಳಿಯುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿರುವ ಸಂಭವ ಹೆಚ್ಚು. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ನೋಡಿಸಬೇಕು.

ಅಲೈನ್‌ಮೆಂಟ್ ಎಂದರೆ ಚಕ್ರಗಳು ನೇರವಾಗಿ, ಸರಿಯಾದ ಓರೆಯಲ್ಲಿ ನಿಂತಿವೆಯೇ ಎಂದು ಅಳೆದು ಹೊಂದಿಸುವ ಕೆಲಸ. ಮುಂದಿನ ಚಕ್ರಗಳು ಸ್ವಲ್ಪ ಒಳಕ್ಕೋ ಹೊರಕ್ಕೋ ತಿರುಗಿದ್ದರೂ ಟೈರ್ ಉರುಳುವುದರ ಜೊತೆಗೆ ರಸ್ತೆಗೆ ಉಜ್ಜಿಕೊಳ್ಳುತ್ತಾ ಹೋಗುತ್ತದೆ. ಬೊಲೆರೋದಂಥ ವಾಹನದಲ್ಲಿ ಹಿಂದಿನ ಚಕ್ರಗಳು ಒಂದೇ ಗಟ್ಟಿ ಆಕ್ಸೆಲ್‌ಗೆ ಸೇರಿರುವುದರಿಂದ ಹೊಂದಿಸುವುದು ಮುಂದಿನವುಗಳನ್ನು. ಆದರೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಕಂಪ್ಯೂಟರ್ ಅಲೈನ್‌ಮೆಂಟ್ ಕೂಡ ಹತ್ತು ದಿನ ನಿಲ್ಲುವುದಿಲ್ಲ. ಮೊದಲು ಅವನ್ನು ಬದಲಿಸಬೇಕು. ಹಣ ಉಳಿಸಲು ಹೋಗಿ ನಾವೇ ಒಮ್ಮೆ ಎರಡು ಸಲ ಹಣ ತೆತ್ತಿದ್ದೇವೆ. ವೇಗ ಹೆಚ್ಚಿದಾಗ ಸ್ಟೇರಿಂಗ್ ನಡುಗುವುದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ದೋಷ, ಒಂದು ಬದಿಗೆ ಎಳೆಯುವುದು ಬೇರೆ ಮಾತು. ಎಳೆತಕ್ಕೆ ಗಾಳಿಯ ವ್ಯತ್ಯಾಸವೂ ಕಾರಣವಾಗಬಹುದಾದ್ದರಿಂದ ಮೊದಲು ಗಾಳಿ ನೋಡಿ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಇದು ಹಬ್ಬದ ದಿನದ ಮಾತಲ್ಲ. ಅಲ್ಲಿನ ಪಿಕಪ್‌ಗಳು ತಂಬಾಕು ಹದಮಾಡುವ ಬ್ಯಾರನ್‌ಗಳಿಗೆ ಸೌದೆ, ಹರಾಜಿಗೆ ಬೇಲ್‌ಗಳನ್ನು ಹೇರಿಕೊಂಡು ಹೊಲದ ಕಚ್ಚಾ ದಾರಿಯಲ್ಲಿ ಓಡುತ್ತವೆ. ಕಾಡಂಚಿನ ಹಾಡಿಗಳಿಗೆ ಸೇವೆಗೆಂದು ಹೋಗುವ ಜೀಪುಗಳದ್ದೂ ಅದೇ ಪಾಡು. ಗುಂಡಿಗೆ ಚಕ್ರ ಜೋರಾಗಿ ಬಿದ್ದ ಮೇಲೆ ಕಿಲೋಮೀಟರ್ ಲೆಕ್ಕ ಕಾಯದೆ ಅಲೈನ್‌ಮೆಂಟ್ ನೋಡಿಸುವುದು ಒಳ್ಳೆಯದು. ಭಾರ ಹೇರುವಾಗ ಹಿಂದಿನ ಟೈರ್‌ಗೆ ಎಷ್ಟು ಗಾಳಿ ಬೇಕೆಂಬುದು ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಿಸಿಯಾದ ಟೈರ್ ಹೆಚ್ಚು ತೋರಿಸುತ್ತದೆ.

ಧರ್ಮಕೇಂದ್ರದ ವಾಹನಗಳಲ್ಲಿ ನಮಗೆ ಹೆಚ್ಚು ಆತಂಕ ತರುವುದು ಇನ್ನೊಂದು ಸಂಗತಿ. ಅವು ಓಡುವುದು ಕಡಿಮೆ, ಆದ್ದರಿಂದ ಟೈರ್ ಹೊಸದರಂತೆಯೇ ಕಾಣುತ್ತದೆ. ಆದರೆ ರಬ್ಬರ್ ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಟೈರ್ ಬದಿಯ ನಾಲ್ಕು ಅಂಕಿಗಳನ್ನು ಓದಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ ಟೈರನ್ನು ಜಾಣ ಮೆಕ್ಯಾನಿಕ್ ಒಮ್ಮೆ ನೋಡಲಿ. ಗೆರೆಗಳ ಆಳ 1.6 ಮಿಲಿಮೀಟರ್‌ಗೆ ಇಳಿದರೆ ಕಾನೂನಿನ ಪ್ರಕಾರವೇ ಬದಲಿಸಬೇಕು. ಆ ಗುರುತು ಗೆರೆಗಳ ನಡುವೆ ಸಣ್ಣ ಉಬ್ಬಾಗಿ ಇರುತ್ತದೆ. ಘಾಟಿಯ ಮಳೆಯಲ್ಲಿ ಅಷ್ಟರವರೆಗೆ ಕಾಯಬೇಡಿ, ಆಳವಿಲ್ಲದ ಗೆರೆ ನೀರನ್ನು ಹೊರಹಾಕಲಾರದು.

ಸ್ಟೆಪ್ನಿಯ ಗಾಳಿಯನ್ನೂ ಅದೇ ದಿನ ಅಳೆಯಿಸಿ. ಸಂಪಾಜೆಯ ತಿರುವಿನಲ್ಲಿ ಅದನ್ನು ಇಳಿಸಿದಾಗ ಮೆತ್ತಗಿದ್ದರೆ ಹತ್ತು ಮಂದಿ ಮಳೆಯಲ್ಲಿ ನಿಲ್ಲಬೇಕಾಗುತ್ತದೆ.