ಮನೆಯ ಪರಸಿ, ಮರೆಯಾದ ಕಡಲು

ಅಡುಗೆಮನೆಯ ನುಣುಪಾದ ಪರಸಿಯ ಮೇಲೆ ನಿಂಬೆರಸವೋ ಹುಣಸೆಹುಳಿಯೋ ಬಿದ್ದರೆ ಅಲ್ಲಿ ಹೊಳಪು ಮಾಸುತ್ತದೆ. ಎಷ್ಟು ಒರೆಸಿದರೂ ಆ ಕಲೆ ಹೋಗದು. ಇದು ಕಲ್ಲಿನ ದೋಷವಲ್ಲ, ಅದರ ಹುಟ್ಟಿನ ಗುರುತು. ತಾಂಡೂರು, ಶಹಾಬಾದುಗಳ ಹಾಸುಗಲ್ಲು ಸುಣ್ಣಕಲ್ಲಿನ ಜಾತಿಯದು; ಹುಳಿ ತಾಗಿದರೆ ಸುಣ್ಣದ ಅಂಶ ಕರಗುತ್ತದೆ. ಶಾಲೆಯ ಪುಸ್ತಕದಲ್ಲಿ ಮಕ್ಕಳು ಓದುವ ಜಲಜಶಿಲೆ ಹೀಗೆ ಅವರ ಕಾಲಡಿಯಲ್ಲಿಯೇ ಇದೆ.

ಈ ಕಲ್ಲು ದೊರೆಯುವ ನೆಲವನ್ನು ಭೂವಿಜ್ಞಾನಿಗಳು ಭೀಮಾ ದ್ರೋಣಿಯೆಂದು ಕರೆಯುತ್ತಾರೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಇಂದು ಅವು ತೆಲಂಗಾಣದಲ್ಲಿವೆ. ಆಡಳಿತ ಎರಡಾಯಿತು, ನೆಲದಡಿಯ ಶಿಲಾಸ್ತರ ಮಾತ್ರ ಒಂದಾಗಿಯೇ ಉಳಿಯಿತು.

ಬಿಸಿಲು, ಮಳೆ, ಗಾಳಿಗಳಿಗೆ ಸಿಕ್ಕ ಬಂಡೆ ಮೊದಲು ಸಡಿಲಗೊಂಡು ಪುಡಿಯಾಗುತ್ತದೆ. ಹೊಳೆಗಳು ಆ ಪುಡಿಯನ್ನು ಹೊತ್ತು ತಗ್ಗಿಗೆ ಸಾಗಿಸುತ್ತವೆ. ಹರಿವಿನ ವೇಗ ಕುಂದಿದಂತೆ ದಪ್ಪ ಕಲ್ಲುಗಳು ಮೊದಲು, ಮರಳು ಆಮೇಲೆ, ನುಣ್ಣನೆಯ ಜೇಡಿ ಕೊನೆಗೆ ತಳ ಸೇರುತ್ತವೆ. ಒಂದರ ಮೇಲೊಂದು ಪದರ ಕೂಡಿದಾಗ ಮೇಲಿನ ಭಾರಕ್ಕೆ ಕೆಳಗಿನ ನೀರು ಹಿಂಡಿಹೋಗುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ಸುಣ್ಣ, ಸಿಲಿಕಾ ಅಥವಾ ಕಬ್ಬಿಣದ ಅಂಶ ಗಟ್ಟಿಯಾಗಿ, ಗಾರೆಯಂತೆ ಅವನ್ನು ಬೆಸೆಯುತ್ತದೆ. ಕೆಸರು ಕಲ್ಲಾಗುವ ಬಗೆ ಇದು.

ಇಂತಹ ಶಿಲೆಗಳಲ್ಲಿ ಮೂರು ಬಗೆ. ಒಡೆದ ಕಣಗಳಿಂದಾದವು ಮೊದಲನೆಯವು. 2 ಮಿಲಿಮೀಟರಿಗಿಂತ ದೊಡ್ಡ ಹರಳುಗಳು ಬೆಸೆದರೆ ಉಂಡೆಗಲ್ಲಿನ ಶಿಲೆ, ಮರಳು ಬೆಸೆದರೆ ಮರಳುಗಲ್ಲು, ಜೇಡಿ ಗಟ್ಟಿಯಾದರೆ ಜೇಡಿಶಿಲೆ. ನೀರಿನಲ್ಲಿ ಕರಗಿದ್ದ ಲವಣ ಬೇರ್ಪಟ್ಟು ತಳಕ್ಕಿಳಿದು ಆದವು ಎರಡನೆಯವು. ಕಲ್ಲುಪ್ಪು, ಜಿಪ್ಸಂ ಇದಕ್ಕೆ ಉದಾಹರಣೆ. ಜೀವಿಗಳ ಅವಶೇಷದಿಂದಾದ ಕಲ್ಲಿದ್ದಲಿನಂಥವು ಮೂರನೆಯವು.

ಭೀಮಾ ದ್ರೋಣಿಯಲ್ಲಿ ಈ ಪಾಠ ಅಡಿಯಿಂದ ಮುಡಿಗೆ ಜೋಡಿಸಿಟ್ಟಂತಿದೆ. ಪುರಾತನ ಗ್ರಾನೈಟ್ ನೆಲದ ಮೇಲೆ ಉಂಡೆಗಲ್ಲು ಮತ್ತು ಮರಳುಗಲ್ಲು, ಅದರ ಮೇಲೆ ಜೇಡಿಶಿಲೆ, ಆಮೇಲೆ ಸುಣ್ಣಕಲ್ಲು. ಆಳವಿಲ್ಲದ ಕಡಲು ನೆಲವನ್ನು ಆವರಿಸಿದ ಕ್ರಮವನ್ನು ಇದರಿಂದ ಓದಬಹುದು. ಸುಣ್ಣಕಲ್ಲೆಂದರೆ ಕಪ್ಪೆಚಿಪ್ಪಿನ ರಾಶಿ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ಇಲ್ಲಿ ಚಿಪ್ಪನ್ನು ಹುಡುಕಿದರೆ ಸಿಗದು. ಪ್ರಾಣಿಗಳು ಚಿಪ್ಪು ಕಟ್ಟಿಕೊಳ್ಳುವ ಮೊದಲೇ ಈ ಕಲ್ಲು ಮೂಡಿತ್ತು. ಕಡಲ ನೀರಿನಲ್ಲಿ ಕರಗಿದ್ದ ಸುಣ್ಣವೇ ಸಣ್ಣ ಕೆಸರಾಗಿ ತಳ ಸೇರಿತ್ತು.

ಹೆಸರನ್ನು ಮಾತ್ರ ನೆಚ್ಚಿದರೆ ಬೇರೆ ತಪ್ಪುಗಳೂ ಆಗುತ್ತವೆ. ಜಲಜವೆಂದರೂ ಗಾಳಿ ಕೂಡಿಹಾಕಿದ ಮರಳು ಕೂಡ ಕಲ್ಲಾಗಬಲ್ಲದು. ಪದರವಿದ್ದುದೆಲ್ಲ ಪದರಶಿಲೆಯೂ ಅಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಕರಿಕಲ್ಲು ಮೆಟ್ಟಿಲು ಮೆಟ್ಟಿಲಾಗಿ ಕಂಡರೂ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ, ಅಂದರೆ ಅಗ್ನಿಶಿಲೆ. ಕಾಸರಗೋಡಿನ ಮುರಕಲ್ಲು ಹೊಳೆ ಹೊತ್ತು ತಂದ ಕೆಸರಲ್ಲ. ಅತಿಮಳೆಯಲ್ಲಿ ಸ್ಥಳೀಯ ಬಂಡೆಯೇ ಶಿಥಿಲವಾಗಿ, ಕಬ್ಬಿಣದ ಅಂಶ ಉಳಿದು ಆದದ್ದು.

ಪರೀಕ್ಷೆ ಮನೆಯಲ್ಲಿಯೇ ಸಾಧ್ಯ. ಒಡೆದ ಪರಸಿಯ ಚೂರನ್ನು ಉಜ್ಜಿ ಪುಡಿ ತೆಗೆದು ವಿನೆಗರ್ ಹನಿಸಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಇಂಗಾಲದ ಡೈಆಕ್ಸೈಡ್. ಕರಿಕಲ್ಲಿನ ಪುಡಿಯಲ್ಲಿ ಹಾಗಾಗದು. ಕಂಡದ್ದನ್ನು ಮಕ್ಕಳು ತಮ್ಮ ನುಡಿಯಲ್ಲಿ ಬರೆದಿಡಲಿ. ಮರಳುಗಲ್ಲು, ಜೇಡಿಶಿಲೆ, ಸುಣ್ಣಕಲ್ಲು ಎಂಬ ಮಾತುಗಳಲ್ಲಿ ವಸ್ತುವಿನ ಗುಣ ಅಡಗಿದೆ. ಕನ್ನಡದಲ್ಲಿ ಕಲಿಯುವ ಮಗುವಿಗೆ ಅದು ದೊರೆತ ಅನುಕೂಲ.

ಹಿರಿಯರು ಗಮನಿಸಬೇಕಾದದ್ದು ಇನ್ನೊಂದಿದೆ. ಗಣಿಗಳ ಬಳಿ ಒಡೆದ ಚೂರುಗಳು, ಹೊಳಪು ಕೊಡುವ ಯಂತ್ರಗಳಿಂದ ಬಂದ ಸುಣ್ಣದ ಕೆಸರು ರಾಶಿಬಿದ್ದಿವೆ. ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಕಲ್ಲು ಬೇಕು. ಕಡಲು ಕೋಟ್ಯಂತರ ವರ್ಷಗಳ ಹಿಂದೆ ಕೂಡಿಟ್ಟ ಪದರವನ್ನು ಮತ್ತೆ ಕೂಡಿಡಲು ಮನುಷ್ಯನಿಂದಾಗದು. ಹಳೆಯ ಮನೆ ಕೆಡಹುವಾಗ ಗಟ್ಟಿಯಿರುವ ಪರಸಿಯನ್ನು ಎತ್ತಿಟ್ಟು ಅಂಗಳಕ್ಕೋ ದನದ ಕೊಟ್ಟಿಗೆಗೋ ಹಾಸಿದರೆ, ಅಷ್ಟು ಕಲ್ಲು ನೆಲದಲ್ಲಿ ಉಳಿಯುತ್ತದೆ.